ಅಲಾರಂ ಕೂಗಿದರೆ ಯಾರು ಬರುತ್ತಾರೆ?

ನಮ್ಮ ಅತ್ತೆಗೆ, ಎಂದರೆ ಅಪ್ಪನ ಅಕ್ಕನಿಗೆ, ಮುಲಾಜು ಎನ್ನುವುದನ್ನು ದೇವರು ಕೊಟ್ಟೇ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತ, ಮೂಗಿನ ಮೇಲೆ ಕೂರಿಸಿದ ಚೌಕಟ್ಟಿಗೆ ಒಂದೊಂದೇ ಗಾಜು ಹಾಕಿ ತೆಗೆದು, ಸರಿಯಾದ ನಂಬರ್ ಸಿಗುವವರೆಗೆ ಬಿಡುವುದಿಲ್ಲ. ಕಾಣದಿದ್ದರೂ ಊಹೆ ಮಾಡಿ ಓದುವವರು ಅವಳ ಕೈಯಲ್ಲಿ ಸಿಕ್ಕಿಬೀಳುತ್ತಾರೆ. ಅಂಗಡಿಯಲ್ಲಿ ಇದು ಒಳ್ಳೆಯ ಗುಣ. ಆದರೆ ಮನೆಗೆ ಬಂದ ಮೇಲೂ ಅವಳು ಹಾಗೇ ಇರುತ್ತಾಳೆ. ಪಕ್ಕದ ಮನೆಯ ಹುಡುಗಿಯ ಹಾಡು ಶ್ರುತಿಯಲ್ಲಿಲ್ಲ ಎಂದು ಅವಳ ತಾಯಿಯ ಮುಖಕ್ಕೇ ಹೇಳಿದಳು. ಮೂಲೆಮನೆಯವರು ಹೊಸದಾಗಿ ಕಟ್ಟಿಸಿದ ಕಾಂಪೌಂಡು ಸೊಟ್ಟಗಿದೆ ಎಂದಳು. ಸೊಟ್ಟಗೇ ಇತ್ತು, ಅದು ಬೇರೆ ಮಾತು. ಕೊನೆಗೆ ಆ ಬೀದಿಯಲ್ಲಿ ಅವಳ ಜೊತೆ ಮಾತು ಬಿಡದೆ ಉಳಿದವನು ಪೇಪರ್ ಹಾಕುವವನೊಬ್ಬನೇ.

ಎದುರುಮನೆ ಡ್ರೈವರದ್ದು ಮಾತ್ರ ಅಂಥ ಸಣ್ಣ ಮುನಿಸಲ್ಲ. ಬಸ್ ಡಿಪೋದವರು ವರ್ಷಕ್ಕೊಮ್ಮೆ ತಮ್ಮ ಡ್ರೈವರುಗಳನ್ನು ಅತ್ತೆಯ ಅಂಗಡಿಗೆ ಕಳಿಸುತ್ತಾರೆ. ಒಂದು ವರ್ಷ ಯಾವ ಗಾಜು ಹಾಕಿದರೂ ಈ ಎದುರುಮನೆಯವರಿಗೆ ಕೆಳಗಿನ ಸಾಲು ಓದಲಾಗಲಿಲ್ಲ. ಓದಿದೆ ಅಂತ ಬರೆದುಬಿಡಿ, ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿಲ್ಲ ಎಂದು ಅಂಗಲಾಚಿದರು. ಅತ್ತೆ ಇದ್ದದ್ದನ್ನು ಇದ್ದ ಹಾಗೇ ಬರೆದಳು. ಸ್ಟಿಯರಿಂಗ್ ಕೈತಪ್ಪಿ ಅವರಿಗೆ ಡಿಪೋ ಗೇಟಿನ ಕುರ್ಚಿ ಸಿಕ್ಕಿತು. ಬೀದಿಯವರು ಇವತ್ತಿಗೂ ಅವರನ್ನು ಡ್ರೈವರೇ ಎನ್ನುತ್ತಾರೆ. ಆಮೇಲೆ ಅವರು ಅತ್ತೆಯ ಮನೆ ಕಡೆ ತಿರುಗಿಯೂ ನೋಡಲಿಲ್ಲ. ಬರೆದದ್ದು ಸರಿ ಎಂದು ಅತ್ತೆಗೆ ಗೊತ್ತು. ಆದರೂ ಅವರ ಗೇಟಿನ ಸದ್ದು ಕೇಳಿದರೆ ಕಿಟಕಿಯಿಂದ ಒಳಗೆ ಸರಿಯುತ್ತಾಳೆ.

ಹೀಗಿರುವಾಗ ಹಿಂದಿನ ಬೀದಿಯಲ್ಲಿ ಕಳ್ಳತನವಾಯಿತು. ಒಂಟಿಯಾಗಿದ್ದದ್ದು ಸಾಕು, ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಬಂದಿರು ಎಂದು ಅಪ್ಪ ಬೆನ್ನು ಬಿದ್ದ. ಅತ್ತೆಗೆ ನಮ್ಮ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಎರಡು ಕೋಣೆಯ ಮನೆಯನ್ನು ಅವಳು ತನ್ನ ದುಡಿಮೆಯಲ್ಲಿ ಕೊಂಡಿದ್ದಳು. ಅಲ್ಲಿ ದೀಪ ಯಾವಾಗ ಆರಿಸಬೇಕೆಂದು ಅವಳಿಗೆ ಯಾರೂ ಹೇಳುವಂತಿರಲಿಲ್ಲ. ಬೇಕಾದರೆ ಅಲಾರಂ ಹಾಕಿಸುತ್ತೇನೆ, ಮನೆ ಮಾತ್ರ ಬಿಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ಅಲಾರಂ ಅಂಗಡಿಗೆ ನಾವು ಮೂವರೂ ಹೋದೆವು. ಮಾರುವವನಿಗೆ ಅಪಾರ ತಾಳ್ಮೆ. ಬಾಗಿಲು ತೆರೆದರೆ ಕೂಗುವುದು, ಮನುಷ್ಯ ಅಲ್ಲಾಡಿದರೆ ಕೂಗುವುದು, ಮೊಬೈಲಿಗೆ ಚಿತ್ರ ಕಳಿಸುವುದು, ಎಲ್ಲವನ್ನೂ ಬಿಚ್ಚಿ ತೋರಿಸಿದ. ಅತ್ತೆಯದು ಎಲ್ಲದಕ್ಕೂ ಒಂದೇ ಪ್ರಶ್ನೆ: ಕೂಗಿದ ಮೇಲೆ ಯಾರು ಬರುತ್ತಾರೆ? ದುಬಾರಿ ಅಲಾರಂ ಆದರೆ ಕಂಪನಿಯ ಜನ ಅರ್ಧ ಗಂಟೆಯಲ್ಲಿ ಬರುತ್ತಾರಂತೆ. ಅಷ್ಟರಲ್ಲಿ ಕಳ್ಳ ನನ್ನ ಮನೆ ಗುಡಿಸಿ ಒರೆಸಿ ಹೋಗಿರುತ್ತಾನೆ ಎಂದಳು. ಹಾಗಾದರೆ ಹೊರಗೋಡೆಗೆ ದೊಡ್ಡ ಸೈರನ್ ಹಾಕಿಸಿ, ಅಕ್ಕಪಕ್ಕದವರು ಓಡಿ ಬರುತ್ತಾರೆ ಎಂದ ಅವನು.

ಅಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಬೀದಿಯಲ್ಲಿ ನನಗಾಗಿ ಯಾರೂ ಬರುವುದಿಲ್ಲ ಎಂದು ಗುರುತಿಲ್ಲದವನ ಮುಂದೆ ಅತ್ತೆ ಹೇಗೆ ಹೇಳುತ್ತಾಳೆ? ಸೈರನ್ನೇ ಇರಲಿ ಎಂದಳು.

ಹೊರಗೆ ಬಂದ ಮೇಲೆ ಅಪ್ಪ ಹೇಳಿದ: "ಅಕ್ಕಾ, ಹಾಕಿಸಿದ ಮೇಲೆ ಒಂದ್ಸಲ ಕೂಗಿಸಿ ನೋಡೋಣ. ಯಾರಾದ್ರೂ ಬಂದ್ರೆ ನಾನು ಬಾಯಿ ಮುಚ್ಕೋತೀನಿ. ಯಾರೂ ಬರ್ಲಿಲ್ಲ ಅಂದ್ರೆ ನೀನು ನಮ್ಮನೆಗೆ ಬರಬೇಕು."

"ಆಯ್ತು," ಎಂದಳು ಅತ್ತೆ. ಧ್ವನಿಯಲ್ಲಿ ಬಲವಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಅಪ್ಪ ಅಡುಗೆಮನೆಯ ಹಿಂಬಾಗಿಲು ತೆರೆದ. ಸೈರನ್ ಕಿವಿ ಹರಿದುಹೋಗುವ ಹಾಗೆ ಕೂಗತೊಡಗಿತು. ಅತ್ತೆ ನಡುಮನೆಯಲ್ಲಿ ಕೈಕಟ್ಟಿ ನಿಂತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಕ್ಕದ ಮನೆಯ ಹಾಡು ನಿಂತಿತು, ಕಿಟಕಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಮೂಲೆಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ಅಲ್ಲೇ ನಿಂತರು. ಅತ್ತೆಯ ಮುಖ ಚಿಕ್ಕದಾಯಿತು. ನನಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ವಯಸ್ಸಾದವಳನ್ನು ಹೀಗೂ ಪರೀಕ್ಷೆಗೆ ಒಡ್ಡುತ್ತಾರೆಯೇ?

ಅಷ್ಟರಲ್ಲಿ ಎದುರುಮನೆಯ ಗೇಟು ದಡಾರೆಂದಿತು. ಡ್ರೈವರು ಬನಿಯನ್ನಿನಲ್ಲೇ ಓಡಿ ಬಂದರು. ಕೆನ್ನೆಯ ಒಂದು ಕಡೆ ಬೋಳಿಸಿತ್ತು, ಇನ್ನೊಂದು ಕಡೆ ನೊರೆ ಮೆತ್ತಿತ್ತು. ಕಣ್ಣಿಗೆ ಕನ್ನಡಕವಿರಲಿಲ್ಲ, ಕೈಯಲ್ಲಿ ಜಾಕಿ ತಿರುಗಿಸುವ ಕಬ್ಬಿಣದ ರಾಡು. ಹೊಸಿಲು ಎಡವಿ, ಸಾವರಿಸಿಕೊಂಡು, ಅತ್ತೆಯನ್ನು ತೋಳಿನಿಂದ ಹಿಂದಕ್ಕೆ ಸರಿಸಿ ಒಳಕೋಣೆಗೆ ನುಗ್ಗಿದರು. ಬಾಗಿಲ ಹಿಂದೆ ತೂಗುಹಾಕಿದ್ದ ಮಳೆಕೋಟಿಗೆ ಬಲವಾಗಿ ಬಾರಿಸಿದರು. ಕೋಟು ನೆಲಕ್ಕೆ ಬಿತ್ತು. ಅಡುಗೆಮನೆಯಿಂದ ಹೊರಬಂದ ಅಪ್ಪ ಎರಡೂ ಕೈ ಮೇಲೆತ್ತಿದ. ನಾನು ನಡುವೆ ನುಗ್ಗಿ, ಇವರು ನಮ್ಮಪ್ಪ, ಹೊಡೆಯಬೇಡಿ ಎಂದೆ.

ಅಪ್ಪ ಸೈರನ್ ನಿಲ್ಲಿಸಿದ. ಡ್ರೈವರು ಏದುಸಿರು ಬಿಡುತ್ತ ಬಗ್ಗಿ, ತಾವು ಬೀಳಿಸಿದ್ದು ಏನೆಂದು ಕೈಯಿಂದ ಮುಟ್ಟಿ ನೋಡಿದರು.

"ಕಳ್ಳ ಯಾರೂ ಇಲ್ಲ ಡ್ರೈವರೇ," ಎಂದಳು ಅತ್ತೆ ಮೆಲ್ಲಗೆ. "ನಾವೇ ಕೂಗಿಸಿ ನೋಡ್ತಾ ಇದ್ವಿ. ಕನ್ನಡಕ ಇಲ್ದೆ ನಿಮಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಜವಾಗ್ಲೂ ಕಳ್ಳ ಇದ್ದಿದ್ರೆ ಏನ್ಮಾಡ್ತಿದ್ರಿ?"

ಡ್ರೈವರು ಕೋಟನ್ನು ಎತ್ತಿ ಕುರ್ಚಿಯ ಮೇಲೆ ಹಾಕಿದರು.

"ಇದಾನೆ ಅಂದ್ಕೊಂಡೇ ಬಂದಿದ್ದು," ಎಂದರು.

ಅತ್ತೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಮನೆ ಬಾಡಿಗೆಗೆ ಕೊಡುವ ಮಾತನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ.