ಸುಗಂಧಾ ಬರೆದ ಷರಾ

ಸುಗಂಧಾಳನ್ನು ಕಳ್ಳಿ ಎಂದವರ ನಾಲಿಗೆಗೆ ಹುಳ ಬೀಳಲಿ. ಇಪ್ಪತ್ತೆಂಟು ವರ್ಷ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಅವಳಷ್ಟು ಚೊಕ್ಕ ಕೆಲಸದ ಇನ್ನೊಬ್ಬರನ್ನು ಅಲ್ಲಿ ಕಾಣಲಿಲ್ಲ.

ಅವಳು ಅಕ್ಕೋಳದ ಧೂಳಪ್ಪನ ಮಗಳು. ಅಪ್ಪ ಮಂದಿಯ ತಂಬಾಕಿನ ಹೊಲದಲ್ಲಿ ದುಡಿದು ಅವಳಿಗೆ ಬಿ.ಕಾಂ. ಓದಿಸಿದ. ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ, ೧೯೯೫ರಲ್ಲಿ ನಮ್ಮಲ್ಲಿ ಆಪರೇಟರ್ ಆಗಿ ಸೇರಿದಳು. ದಿನಾ ಎರಡು ಬಸ್ಸು ಬದಲಿಸಿ ಬರಬೇಕು, ಆದರೂ ಹತ್ತಕ್ಕೆ ಐದು ನಿಮಿಷ ಮೊದಲೇ ಕುರ್ಚಿಯಲ್ಲಿ ಇರುತ್ತಿದ್ದಳು. ಮೂರು ವರ್ಷ ಸರಿಯಾಗಿ ದುಡಿದರೆ ಕೆಲಸ ಕಾಯಂ ಮಾಡುವುದಾಗಿ ಮಾತಾಗಿತ್ತು. ಇಡೀ ಮನೆ ಆ ಮಾತಿನ ಮೇಲೆ ನಿಂತಿತ್ತು.

ನಮ್ಮ ಕಡೆ ಕಬ್ಬಿನ ಪಾಳಿ ಎಂದರೆ ಜೀವ. ಯಾರು ಮೊದಲು ಹಚ್ಚಿದರೋ, ಅಂದರೆ ನೆಟ್ಟರೋ, ಅವರ ಕಬ್ಬು ಮೊದಲು ಕಡಿಯಬೇಕು. ಹಚ್ಚಿದ ದಿನಾಂಕ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಆಪರೇಟರ್ ಅದನ್ನು ಒಮ್ಮೆ ಹೊಡೆದರೆ ಮುಗಿಯಿತು, ಆಮೇಲೆ ನೋಡಬಹುದೇ ಹೊರತು ತಿದ್ದುವಂತಿಲ್ಲ. ತಿದ್ದುವ ಅಧಿಕಾರ ಕಬ್ಬು ಅಧಿಕಾರಿ ಮುರಗೆಪ್ಪ ಸಾಹೇಬರ ಪಾಸ್‌ವರ್ಡಿಗೆ ಮಾತ್ರ.

ನಮ್ಮ ರೈತರು ತಾರೀಖು ಹೇಳುವವರಲ್ಲ. "ನಾಗಪಂಚಮಿ ಮುಂದ ಹಚ್ಚೀವ್ರಿ" ಅನ್ನುತ್ತಾರೆ. ಉಳಿದ ಆಪರೇಟರುಗಳು ಕ್ಯಾಲೆಂಡರ್ ನೋಡಿ ತಾರೀಖು ಹೊಡೆದು ಕೈತೊಳೆದುಕೊಳ್ಳುತ್ತಿದ್ದರು. ಸುಗಂಧಾ ಮಾತ್ರ ರೈತ ಹೇಳಿದ ಮಾತನ್ನೂ ಷರಾ ಕಾಲಂನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆದಿಡುತ್ತಿದ್ದಳು. "ಇದ್ಯಾಕ ಬೇಕವಾ ನಿನಗ?" ಎಂದು ನಾನೇ ನಕ್ಕಿದ್ದೆ. "ನಾಳೆ ಬಂದು ಕೇಳಿದ್ರ ಅವರ ಮಾತ ಅವರಿಗೆ ಓದಿ ಹೇಳಬೇಕಲ್ರಿ ಕಾಕಾ" ಎಂದಿದ್ದಳು.

೧೯೯೭ರ ನವೆಂಬರಿನಲ್ಲಿ ಹಾರೂಗೇರಿಯ ಚನ್ನವ್ವ ಬಂದಳು. ಗಂಡನಿಲ್ಲದ ಹೆಣ್ಣುಮಗಳು, ಎರಡೆಕರೆ ಕಬ್ಬು.

"ನನ್ನ ನಂತರ ಹಚ್ಚಿದವರ ಕಬ್ಬ ಕಡದು ಹೋತು ತಂಗಿ. ನಂದು ಹೂವಾಗಿ ತುರಾಯಿ ಬಿಟ್ಟು ನಿಂತೈತಿ. ಪಾಳಿ ಯಾವಾಗ ನೋಡಬೇ."

ಸುಗಂಧಾ ತೆರೆದು ನೋಡಿದಳು. ದಿನಾಂಕ ಹೋದ ವರ್ಷದ ಅಕ್ಟೋಬರ್. ಪಕ್ಕದ ಷರಾದಲ್ಲಿ ಅವಳೇ ಬರೆದದ್ದು: ಕಾರಹುಣ್ಣಿಮೆ ಮರುದಿನ. ಜೂನಿನಲ್ಲಿ ಬರುವ ಕಾರಹುಣ್ಣಿಮೆ ಯಾವತ್ತಾದರೂ ಅಕ್ಟೋಬರಿನಲ್ಲಿ ಬಂದದ್ದುಂಟೆ? ಯಾರೋ ದಿನಾಂಕ ತಿದ್ದಿದ್ದರು, ಷರಾ ಓದುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ.

ಸುಗಂಧಾ ಹೋಗಿ ಹೇಳಿದರೂ ಮುರಗೆಪ್ಪ ಸಾಹೇಬರು ಕೇಳಲಿಲ್ಲ. "ನಾ ಮುಟ್ಟಿಲ್ಲ. ನೀನ ತಪ್ಪ ಹೊಡದಿ, ಈಗ ಮಷೀನ್ ಮ್ಯಾಲೆ ಹಾಕ್ತಿ" ಎಂದು ಮೆಮೋ ಕೊಟ್ಟರು. ಕಾಯಂ ಆಗಲು ನಾಲ್ಕು ತಿಂಗಳು ಇರುವಾಗ ಮೆಮೋ!

ಬೇರೆಯವರಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಇವಳು ಎಂಟು ದಿನ ಊಟದ ಬಿಡುವಿನಲ್ಲಿ ರೊಟ್ಟಿ ಬಿಚ್ಚದೆ ಹುಡುಕಿದಳು. ಒಂಬತ್ತನೆಯ ದಿನ ನನ್ನ ಟೇಬಲ್ಲಿಗೆ ಬಂದಳು.

"ಸಿಕ್ಕಿತ್ರಿ ಕಾಕಾ. ಪಾಳಿ ಪಟ್ಟಿ ತಗಿಯೋ ಪ್ರೋಗ್ರಾಂ ಸಾಹೇಬರ ಅಧಿಕಾರದಾಗ ಓಡ್ತೈತಿ. ಅದನ್ನ ಇಟ್ಟ ಜಾಗಾಕ್ಕ ಕೀಲಿನ ಇಲ್ಲ. ಯಾರು ಬೇಕಾದ್ರೂ ಅದರಾಗ ಒಂದ ಸಾಲ ಬರದು ಇಡಬಹುದು. ಆ ಸಾಲ ಏನ ಹೇಳಿದ್ರೂ ಸಾಹೇಬರ ಹೇಳಿದಂಗ ಮಷೀನ್ ಮಾಡ್ತೈತಿ."

ನನಗೆ ತಿಳಿಯಲಿಲ್ಲ. ಅವಳು ಬೇರೆ ಥರ ಹೇಳಿದಳು.

"ನಮ್ಮ ಮಂದಿಗೆ ನಿಮ್ಮ ಗುಡಿ ಒಳಗ ಬಿಡಂಗಿಲ್ಲಲ್ರಿ? ಆದ್ರ ಪೂಜಾರಿ ತಾಟಿನಾಗ ನಾ ಕದ್ದು ಒಂದ ಕಾಯಿ ಇಟ್ರ ಅದು ಗರ್ಭಗುಡಿ ತನಕ ಹೋಗ್ತೈತಿ. ಪೂಜಾರಿನ್ನ ಯಾರೂ ತಡಿಯಂಗಿಲ್ಲ, ತಾಟಿನಾಗಿನ ಕಾಯಿ ಯಾರದಂತ ಕೇಳಂಗಿಲ್ಲ."

ಇದಕ್ಕಿಂತ ಸರಿಯಾಗಿ ಯಾವ ಎಂಜಿನಿಯರನೂ ಹೇಳಲಾರ. ಷರಾಕ್ಕೂ ದಿನಾಂಕಕ್ಕೂ ತಾಳೆಯಾಗದ ಹದಿನಾರು ಹೆಸರುಗಳ ಪಟ್ಟಿಯನ್ನೂ ಪ್ರಿಂಟ್ ತೆಗೆದಿದ್ದಳು. ಕೆಲವರ ಪಾಳಿ ಮುಂದೆ ಬಂದಿತ್ತು, ಚನ್ನವ್ವನಂಥವರದು ಹಿಂದೆ ಸರಿದಿತ್ತು.

ಪಟ್ಟಿ ಹಿಡಿದು ಸಾಹೇಬರ ಕೋಣೆಗೆ ಹೋದಳು. ಸಹಿ ಮಾಡಿಸಬೇಕಾದ ಕಾಗದ ಹಿಡಿದು ನಾನೂ ಅಲ್ಲೇ ನಿಂತಿದ್ದೆ. ಸಾಹೇಬರು ಪಟ್ಟಿ ನೋಡಿ ನಕ್ಕರು.

"ಹಂಗಾದ್ರ ನಿನ್ನ ಪಾಸ್‌ವರ್ಡಿನಾಗ ಕೂತು ನನ್ನ ಜುಗೂಳದ ಹೊಲದ ಕಬ್ಬಿನ ಪಾಳಿ ಹಿಂದ ಹಾಕಿ ತೋರ್ಸು ನೋಡೂಣು."

"ಅಪ್ಪಣಿ ಐತೇನ್ರಿ?"

"ಐತಿ ಐತಿ, ತೋರ್ಸು."

ಮೂರು ನಿಮಿಷ. ಜುಗೂಳದ ಕಬ್ಬು ಪಟ್ಟಿಯ ತುದಿಗೆ ಹೋಗಿ ಕೂತಿತು. ಸಾಹೇಬರ ನಗೆ ಅಲ್ಲಿಗೆ ನಿಂತಿತು.

ಮಾರನೆಯ ದಿನ ಅವರು ಮಾಡಿದ್ದೇನು? ಮೊದಲು ತಮ್ಮ ದಿನಾಂಕವನ್ನಷ್ಟೇ ಸರಿಮಾಡಿಕೊಂಡರು. ಆಮೇಲೆ ಸುಗಂಧಾಳ ಮೇಲೆ ವಿಚಾರಣೆ ಹಾಕಿದರು: ಅಧಿಕಾರವಿಲ್ಲದೆ ದಾಖಲೆ ತಿದ್ದಿದಳು, ಹದಿನಾರೂ ಇವಳದೇ ಕೈವಾಡ. ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಬಂದು ಚಹಾ ಕುಡಿದು, "ದೋಷವೇನಿಲ್ಲ, ಎಲ್ಲ ಕಾರ್ಖಾನೆಗೂ ನಾವು ಹೀಗೇ ಹಾಕಿಕೊಡುತ್ತೇವೆ" ಎಂದು ಬರೆದುಕೊಟ್ಟ. ಊರಿಗೆಲ್ಲ ಕೀಲಿಯಿಲ್ಲದ ಬಾಗಿಲು ಕೂಡಿಸಿ ಬಂದೆ ಎಂದು ಎದೆ ತಟ್ಟಿಕೊಳ್ಳುವ ಬಡಗಿಯನ್ನು ನಾನು ಅವತ್ತೇ ನೋಡಿದ್ದು. ಥೂ.

ವಿಚಾರಣೆಯಲ್ಲಿ ಸುಗಂಧಾ ಹೆದರಲಿಲ್ಲ. "ಸಾಹೇಬರ ಅಪ್ಪಣಿ ಕೊಟ್ಟಿದ್ರು. ಲಗಮಣ್ಣ ಕಾಕಾ ಅಲ್ಲೇ ಇದ್ರು, ಅವರನ್ನ ಕೇಳ್ರಿ" ಎಂದಳು.

ಲಗಮಣ್ಣ ಎಂದರೆ ನಾನು. ನನ್ನನ್ನು ಕರೆಸಿದರು.

"ನಾ ಕಾಗದ ನೋಡಾಕತ್ತಿದ್ದೆ ರಿ. ಏನೂ ಕೇಳಿಸಲಿಲ್ಲ" ಎಂದೆ. ಬರೆದುಕೊಟ್ಟೆ, ಕೆಳಗೆ ಸಹಿಯನ್ನೂ ಮಾಡಿದೆ.

ಅವಳನ್ನು ಕೆಲಸದಿಂದ ತೆಗೆದರು. ಚನ್ನವ್ವನ ಕಬ್ಬು ಮಾರ್ಚಿನಲ್ಲಿ ಕಟಾವಾಯಿತು, ಅಷ್ಟರಲ್ಲಿ ಒಳಗೆಲ್ಲ ಬೆಂಡಾಗಿತ್ತು. ಕೀಲಿ ಮಾತ್ರ ಯಾರೂ ಹಾಕಲಿಲ್ಲ. ಹಾಕಿದರೆ ಕೀಲಿ ಇರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತದಲ್ಲ! ಮುಂದಿನ ಎರಡು ಹಂಗಾಮೂ ಪಾಳಿ ಹಾಗೇ ಏರುಪೇರಾಯಿತು. ಆಗ ಬೈಯಲು ಸುಗಂಧಾ ಇರಲಿಲ್ಲ, ರೈತರು ಹಣೆಬರಹಕ್ಕೆ ಬೈದರು.

ಆ ಸಾಲು ಬರೆಯುತ್ತಿದ್ದವನು ಯಾರೆಂದು ನನಗೆ ಗೊತ್ತಿತ್ತು. ಆಪರೇಟರ್ ಕಾಡಸಿದ್ದ, ಕಾರ್ಖಾನೆಯ ಆಡಳಿತ ಮಂಡಳಿಯ ಸಂಚಾಲಕರೊಬ್ಬರ ಅಳಿಯ. ಹೇಗೆ ಗೊತ್ತು ಎಂದರೆ, ನನಗೂ ಸ್ವಲ್ಪ ಕಬ್ಬಿತ್ತು; ದೀಪಾವಳಿಗೆ ಮೊದಲು ಚಹಾದಂಗಡಿಯಲ್ಲಿ ಅವನೇ ಹೇಳಿದ್ದ, "ಕಾಕಾ, ನಿಮ್ಮ ಪಾಳಿ ಮುಂದ ಹಾಕೇನಿ, ಸುಮ್ಮಿರ್ರಿ." ನಾನು ಸುಮ್ಮನಿದ್ದೆ. ಮೊದಲ ವಾರದಲ್ಲೇ ನನ್ನ ಕಬ್ಬು ಕಟಾವಾಯಿತು. ಹೇಗೆ ಮಾಡಿದ ಎಂದು ಕೇಳಲೂ ಇಲ್ಲ.

ಕೆಲಸ ಬಿಟ್ಟ ದಿನ ಸುಗಂಧಾ ಗೇಟಿನ ಹತ್ತಿರ ಬಸ್ಸಿಗೆ ನಿಂತಿದ್ದಳು. ತಲೆ ತಗ್ಗಿಸಿ ದಾಟಿಹೋಗಲು ನೋಡಿದೆ. ಕರೆದು ಒಂದು ಕಾಗದದ ಚೂರು ಕೈಗಿಟ್ಟಳು. ಅಂಚಿನಲ್ಲಿ ತೂತುಗಳಿರುವ ಪ್ರಿಂಟರ್ ಕಾಗದ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಆ ಪಟ್ಟಿಯ ಹದಿನೇಳನೆಯ ಸಾಲು. ನನ್ನ ಹೆಸರು. ದಿನಾಂಕ ಜೂನ್. ಷರಾ: ದಸರೆ ಮರುದಿನ.

"ಸಾಹೇಬರಿಗೆ ಕೊಡೂ ಮುಂಚೇನ ಕತ್ತರಿಸಿ ತಗದಿದ್ದೆ ರಿ" ಎಂದಳು. "ನಿಮ್ಮ ಹೆಸರ ಉಳಿಸೀನಿ, ನನ್ನ ಸಲುವಾಗಿ ಒಂದ ಖರೆ ಮಾತ ಆಡ್ತೀರಿ ಅಂತ ತಿಳದಿದ್ದೆ."

ಬಸ್ಸು ಬಂತು. ಅವಳು ಹತ್ತಿ ಹೋದಳು.