ಮುಕ್ಕುಂದದ ಭೂಗೋಳ ಪಾಠ

ಹೊಳೆಯಾಚೆ ಸ್ವಾತಂತ್ರ್ಯ ಬಂದಿತ್ತು. ಈಚೆಯ ಮುಕ್ಕುಂದದಲ್ಲಿ ಇನ್ನೂ ನಿಜಾಮರ ಆಳ್ವಿಕೆ. ತಪಾಸಣೆಗೆ ಬಂದ ಸಾಹೇಬರು ಶಾಲೆಯ ಗೋಡೆಯಲ್ಲಿದ್ದ ಹಿಂದೂಸ್ಥಾನದ ನಕಾಶೆ ಕಂಡು ಕೆಂಡವಾದರು.

"ನಮ್ಮ ನಿಜಾಮರ ರಿಯಾಸತ್ತಿನ ಭೂಗೋಳ ಅಷ್ಟ ಕಲಿಸ್ರಿ ಮಾಸ್ತರ. ಹೊರಗಿಂದು ಯಾಕ ಬೇಕು?"

ಬಾಗಿಲಲ್ಲಿ ಪೊಲೀಸ್ ಜವಾನ ನಿಂತಿದ್ದ. ಅಮರಗುಂಡಪ್ಪ ಮಾಸ್ತರರು ಅವನತ್ತ ಒಮ್ಮೆ ನೋಡಿದರು. ಆದರೂ ಹೇಳಿದರು:

"ಹೊಳಿ ಹುಟ್ಟೋದು ಮೈಸೂರು ಸೀಮ್ಯಾಗ, ಮಳಿ ಬರೋದು ಪಡುವಣ ಸಮುದ್ರದಿಂದ. ಅವನ್ನ ಬಿಟ್ಟು, ಊರ ಮುಂದಿನ ನೀರು ಎಲ್ಲಿಂದ ಬಂತು ಅಂತ ಹುಡುಗರಿಗೆ ಹೆಂಗ ಹೇಳ್ಲಿರೀ?"

ಸಾಹೇಬರು ನಕಾಶೆ ಸುತ್ತಿಸಿಕೊಂಡು, "ಇನ್ನೊಮ್ಮೆ ಕಲಿಸಿದ್ರ ಜೈಲ್ ಕಾಣ್ತೀರಿ" ಎಂದು ಹೊರಟುಹೋದರು.

ಮರುದಿನ ಮಾಸ್ತರರು ಬಾಗಿಲು ಮುಚ್ಚಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕಾಶೆ ಬರೆಯತೊಡಗಿದರು. ಸಮುದ್ರಕ್ಕೆ ಜಾಗ ಬಿಟ್ಟು ಮಕ್ಕಳು ಗೋಡೆಗೆ ಒತ್ತಿ ಕುಳಿತರು.