ದಾರದ ಆ ತುದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಅತ್ತಿಗೆ ರವಿಕೆಯ ತೋಳು ಮೇಲೆ ಸರಿಸಿ, ಹಬೆಯಾಡುವ ಬಕೆಟ್ಟಿಗೆ ಮೊಣಕೈ ಅದ್ದುತ್ತಾರೆ. ಎಳೆಕೂಸಿನ ಸ್ನಾನಕ್ಕೆ ನೀರಿನ ಹದ ನೋಡುವುದು ಹೀಗೆಯೇ. ಇಲ್ಲಿ ಮೀಯಬೇಕಾದದ್ದು ಕೂಸಲ್ಲ, ನೂರಿಪ್ಪತ್ತು ಮಾರು ಉದ್ದದ ಗಾಳದ ದಾರ. "ಜಾಸ್ತಿ ಆಯ್ತು" ಎಂದು ತಮಗೆ ತಾವೇ ಹೇಳಿಕೊಂಡು ಒಂದು ಚೊಂಬು ತಣ್ಣೀರು ಬೆರೆಸುತ್ತಾರೆ. ಮತ್ತೆ ಮೊಣಕೈ. ಈಗ ಸರಿ.

ಓಣಿಯ ಆ ತುದಿಯಲ್ಲಿ, ಮೂವತ್ತು ಮಾರು ದೂರದಲ್ಲಿ, ಬಲಭುಜಕ್ಕೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ನಾದಿನಿ ನಿಂತಿದ್ದಾರೆ. ಅತ್ತಿಗೆಗೆ ಐವತ್ತೆಂಟು, ಗಂಡನ ತಂಗಿಯಾದ ಇವರಿಗೆ ಐವತ್ತೆರಡು. ಬಂದರಿನಲ್ಲಿ ಮುದುಕರಿಂದ ಹಿಡಿದು ಚಿಳ್ಳೆಪಿಳ್ಳೆಗಳವರೆಗೆ ಎಲ್ಲರಿಗೂ ಅವರು ಅತ್ತಿಗೆ, ಇವರು ನಾದಿನಿ. ಇಪ್ಪತ್ತಾರು ವರ್ಷಗಳಿಂದ ಒಂದೇ ದಾರದ ಎರಡು ತುದಿ ಹಿಡಿದವರು.

ಬಂದರಿನಲ್ಲಿ ಮೀನಿನ ಫೋಟೊ ತೆಗೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ದಾರದ ಕಡೆ ಕಣ್ಣೆತ್ತಿ ನೋಡಿದವರಿಲ್ಲ. ಆದರೆ ಗಾಳ ಹಾಕಿ ಬದುಕುವವನಿಗೆ ದಾರವೇ ಕಣ್ಣು, ದಾರವೇ ಕಿವಿ. ಅಂಗಡಿಯ ಉರುಳೆಯಲ್ಲಿ ತಿಂಗಳುಗಟ್ಟಲೆ ಸುತ್ತಿಕೊಂಡು ಕೂತ ನೈಲಾನ್ ದಾರ, ಬಿಚ್ಚಿದ ಮೇಲೂ ಸುರುಳಿಯನ್ನು ಬಿಡುವುದಿಲ್ಲ. ನೀರಿಗಿಳಿಸಿದರೆ ಬಳೆ ಬಳೆಯಾಗಿ ಇಳಿಯುತ್ತದೆ. ಕೆಳಗೆ ಮೀನು ಮುಟ್ಟಿದ ಸುದ್ದಿ ಆ ಬಳೆಗಳನ್ನೆಲ್ಲ ದಾಟಿ ಬೆರಳಿಗೆ ತಲುಪುವಷ್ಟರಲ್ಲಿ ಮೀನು ಎರೆ ತಿಂದು ಬಾಯಿ ಒರೆಸಿಕೊಂಡು ಹೋಗಿರುತ್ತದೆ.

"ನಾಯಿ ಬಾಲ ಡೊಂಕು ಅಂತಾರಲ್ಲ, ಈ ದಾರ ಅದಕ್ಕೂ ಅಣ್ಣ" ಎನ್ನುತ್ತಾರೆ ಅತ್ತಿಗೆ. "ಆದ್ರೆ ನಾಯಿ ಬಾಲಕ್ಕಿಲ್ಲದ ಔಷಧಿ ಇದಕ್ಕಿದೆ. ಬಿಸಿನೀರು, ಎರಡು ಕೈ, ತಾಳ್ಮೆ. ಮೂರನೇದು ಅಂಗಡೀಲಿ ಸಿಗಲ್ಲ."

ಅಂಗಡಿಯಲ್ಲೂ ಅವರ ಕಾಟ ಕಡಿಮೆಯಲ್ಲ. ಕಿಟಕಿಯ ಬಿಸಿಲಿಗೆ ಕೂತ ದಾರ ಬೇಡ, ಒಳಗಿನ ಕಪಾಟಿನದೇ ಬೇಕು. ಸಣ್ಣ ಉರುಳೆ ಬೇಡ, ದೊಡ್ಡದು ಕೊಡಿ. ಸುತ್ತು ದೊಡ್ಡದಾದಷ್ಟೂ ಹಠ ಕಡಿಮೆ. ಒಂದು ಗೇಣು ಬಿಚ್ಚಿ ಬೆರಳಿಗೆ ಬಿಗಿಯಾಗಿ ಸುತ್ತಿ, ಬಿಟ್ಟು, ಹತ್ತು ಎಣಿಸುತ್ತಾರೆ. ಅಷ್ಟರೊಳಗೆ ತಾನಾಗಿ ಬಿಚ್ಚಿಕೊಂಡರೆ ಚೀಲಕ್ಕೆ, ಇಲ್ಲದಿದ್ದರೆ ವಾಪಸ್ ಕಪಾಟಿಗೆ. ತೀರಾ ಮೆತ್ತಗಿನದೂ ಆಗದು, ರಬ್ಬರಿನಂತೆ ಹಿಗ್ಗುತ್ತದೆ. ಹೆಣೆದ ದಾರಕ್ಕೆ ಸುರುಳಿಯ ರೋಗವೇ ಇಲ್ಲ, ಆದರೆ ಬರಿಗೈಯಲ್ಲಿ ಎಳೆಯುವವನ ಅಂಗೈ ಕೊಯ್ಯುತ್ತದೆ. ಅಂಗಡಿಯವನು ಇವರನ್ನು ಕಂಡರೆ "ಹೆಣ್ಣು ನೋಡೋಕೆ ಬಂದ್ರು" ಎಂದು ನಗುತ್ತಾನೆ.

ಇಪ್ಪತ್ತು ನಿಮಿಷ ನೆನೆದ ದಾರದ ಒಂದು ತುದಿ ಹಿಡಿದು ನಾದಿನಿ ಆ ತುದಿಗೆ ನಡೆಯುತ್ತಾರೆ. ಇಬ್ಬರೂ ಎಳೆದು ಹಿಡಿದು ನೂರು ಎಣಿಸುತ್ತಾರೆ. ಜಗ್ಗುವಂತಿಲ್ಲ, ಹದವಾಗಿ ಎಳೆದು ನಿಲ್ಲಬೇಕು. ಆಮೇಲೆ ನಾದಿನಿ ಒದ್ದೆ ಬಟ್ಟೆಯಲ್ಲಿ ದಾರ ಸವರುತ್ತಾ, ಎಲ್ಲಾದರೂ ಗೀರು ಬಿದ್ದ ಗಾಯವಿದೆಯೇ ಎಂದು ಬೆರಳಲ್ಲಿ ತಡಕುತ್ತಾ ವಾಪಸ್ ಬರುತ್ತಾರೆ. ಒಂದು ದಾರಕ್ಕೆ ಇಂಥ ನಾಲ್ಕು ಎಳೆತ, ದಿನಕ್ಕೆ ಎಂಟು ದಾರ. ಕೊನೆಗೆ ಒಂದು ತುಂಡನ್ನು ಮಂಜುಗಡ್ಡೆ ಹಾಕಿದ ನೀರಿಗೆ ಬಿಡುತ್ತಾರೆ, ಏಕೆಂದರೆ ದಡದಲ್ಲಿ ಸಾಧುವಾಗಿದ್ದ ದಾರ ಆಳದ ಚಳಿಗೆ ಮತ್ತೆ ಮುದುಡಬಹುದು. ಮುದುಡಿದರೆ ಮೊದಲಿಂದ ಶುರು. ನಾದಿನಿಯ ನಡಿಗೆಯನ್ನು ಅವರ ಅಣ್ಣ ಒಮ್ಮೆ ಲೆಕ್ಕ ಹಾಕಿದ್ದಾರೆ: ದಿನಕ್ಕೆ ಮೂರೂವರೆ ಕಿಲೋಮೀಟರ್, ಎಲ್ಲಿಗೂ ಹೋಗದೆ.

ಶುರುವಾದದ್ದು ಈ ಅಣ್ಣನಿಂದಲೇ. ಆಗ ದೋಣಿಗೆ ಹೋಗುತ್ತಿದ್ದ ಅವರು ಪ್ರತಿದಿನ ಊಟಕ್ಕೆ ಕೂತಾಗ ದಾರವನ್ನು ಬೈಯುತ್ತಿದ್ದರು. ಬೈಗುಳ ಕೇಳಿ ಕೇಳಿ ಬೇಸತ್ತ ಹೆಂಡತಿ ಮತ್ತು ತಂಗಿ, ಬಚ್ಚಲಿನ ಬಿಸಿನೀರಲ್ಲಿ ಅದನ್ನು ನೆನೆಸಿ ಅಂಗಳದಲ್ಲಿ ಎಳೆದರು. ಮರುದಿನ ಪಕ್ಕದ ದೋಣಿಯವರು ಬಂದರು, ಅದರ ಮರುದಿನ ಅವರ ಪಕ್ಕದವರು.

ಕಾರ್ಖಾನೆಯ ಯಂತ್ರದ ಸದ್ದಿಗೆ ಓಣಿಯಲ್ಲಿ ಕೂಗಿದರೂ ಕೇಳಿಸದು. ಹಾಗಾಗಿ ಇವರ ಮಾತೆಲ್ಲ ದಾರದಲ್ಲೇ. ಒಂದು ಸಲ ಜಗ್ಗಿದರೆ ಸರಿ ಇದೆ ಎಂದು. ಎರಡು ಸಲ ಜಗ್ಗಿದರೆ ದಾರದಲ್ಲಿ ಗಾಯವಿದೆ, ನಿಲ್ಲಿಸಿ ಎಂದು. ಮೂರು ಸಲವಾದರೆ, ಸಾಕು ಬನ್ನಿ, ಚಹಾ ಕುಡಿಯೋಣ. ಆದರೆ ನಾಲ್ಕು ವರ್ಷಗಳಿಂದ ಆ ಮೂರನೆಯ ಜಗ್ಗು ಬಂದಿಲ್ಲ. ಒಂದೇ ಗೋಡೆಯ ಆಚೀಚೆ ಮಲಗುವ ಇವರಿಬ್ಬರೂ ಮಾತು ಬಿಟ್ಟಿದ್ದಾರೆ. ಯಂತ್ರದ ಗದ್ದಲದಲ್ಲಿ ಬಂದರಿಗೆ ಅದು ಗೊತ್ತಾಗಲು ಆರು ತಿಂಗಳು ಹಿಡಿಯಿತು.

ಆಗಿದ್ದಿಷ್ಟೆ. ನಾಲ್ಕು ವರ್ಷದ ಹಿಂದೆ ಒಂದು ಚಳಿಯ ಬೆಳಗ್ಗೆ, ಹೊತ್ತಾಗಿತ್ತು, ದೋಣಿ ಕಾಯುತ್ತಿತ್ತು. ನಾದಿನಿ ಕುದಿಯುವ ನೀರನ್ನು ಹಾಗೆಯೇ ದಾರದ ಮೇಲೆ ಸುರಿದರು. ದಾರ ಗೆರೆ ಎಳೆದ ಹಾಗೆ ನೆಟ್ಟಗಾಯಿತು. ಅಷ್ಟು ಚೆಂದ ಎಂದೂ ಬಂದಿರಲಿಲ್ಲ. ಆದರೆ ಕುದಿನೀರು ಸುರುಳಿಯ ಜೊತೆ ಕಸುವನ್ನೂ ತೆಗೆದಿತ್ತು. ಅವತ್ತು ಕಡಲಲ್ಲಿ ಆ ದಾರ ಮೂರು ಸಲ ತುಂಡಾಯಿತು. ಬರಿಗೈಯಲ್ಲಿ ಮರಳಿದ ಮೀಸೆ ಮಾವ (ದೋಣಿಯ ಯಜಮಾನರನ್ನು ಎಲ್ಲರೂ ಕರೆಯುವುದು ಹಾಗೆ) ದಾರದ ಉಂಡೆಯನ್ನು ಅತ್ತಿಗೆಯ ಕಾಲಬುಡಕ್ಕೆ ಎಸೆದರು. ದೋಣಿ ನಿಲ್ಲುವ ದಕ್ಕೆಯ ಮೇಲೆ ಜನ ನೆರೆದಿತ್ತು. ಅತ್ತಿಗೆಯ ಬಾಯಿಂದ ಬಂದದ್ದು ಒಂದೇ ಮಾತು: "ನಾನಲ್ಲ, ಅವಳು ಮಾಡಿದ್ದು."

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ಅತ್ತಿಗೆ ಈಗ ನಿಟ್ಟುಸಿರು ಬಿಡುತ್ತಾರೆ. "ಮನೇಲಿ ಬೈದಿದ್ರೆ ಅವಳೂ ಎರಡು ಬೈದು ಸುಮ್ಮನಾಗ್ತಿದ್ಲು. ನಾಲ್ಕು ಜನರ ಮುಂದೆ ಬೆರಳು ತೋರಿಸಿಬಿಟ್ಟೆ."

ಅಂದಿನಿಂದ ಮಾತೇನಿದ್ದರೂ ಅಣ್ಣನ ಮೂಲಕ. "ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ. ನಾನು ಗಂಡನೂ ಅಲ್ಲ, ಅಣ್ಣನೂ ಅಲ್ಲ, ಅಂಚೆಯವನು" ಎನ್ನುತ್ತಾರೆ ಅವರು.

ಹೋದ ವಾರ ಈ ಅಂಚೆಯವರು ತಂದ ಸುದ್ದಿ ಭಾರದ್ದು. ನಾದಿನಿಯ ಭುಜ ಸವೆದಿದೆ, ಇನ್ನು ಎಳೆಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಶನಿವಾರವೇ ಕೊನೆ. ಅತ್ತಿಗೆಯ ಗಂಡ ಆ ತುದಿಯ ಗೋಡೆಗೆ ಕಬ್ಬಿಣದ ಕೊಕ್ಕೆ ಬಡಿದುಕೊಟ್ಟಿದ್ದಾರೆ. ಅತ್ತಿಗೆ ಎರಡು ದಿನ ಅದಕ್ಕೆ ದಾರ ಸಿಕ್ಕಿಸಿ ನೋಡಿದರು. ಕೊಕ್ಕೆಗೆ ಸುಸ್ತಿಲ್ಲ, ನೋವಿಲ್ಲ, ಮುನಿಸೂ ಇಲ್ಲ. ಆದರೆ ಉಗುರಿನ ಗೀರಿನಷ್ಟು ಸಣ್ಣ ಗಾಯ ನಾದಿನಿಯ ಬೆರಳಿಗೆ ತಿಳಿಯುವಂತೆ ಬೇರೆ ಯಾರಿಗೂ ತಿಳಿಯದು, ಅತ್ತಿಗೆಗೂ ತಿಳಿಯದು. ಗಾಯ ಉಳಿದ ದಾರ ಕೊಡುವುದಕ್ಕಿಂತ ಕೆಲಸ ಬಿಡುವುದೇ ವಾಸಿ ಎಂದು ಅತ್ತಿಗೆ ತೀರ್ಮಾನಿಸಿದ್ದಾರೆ. ಇವತ್ತೇ ಶನಿವಾರ.

ಏಳನೆಯ ದಾರ ಮುಗಿಯುವ ಹೊತ್ತಿಗೆ ಮೀಸೆ ಮಾವ ತಮ್ಮ ಆಳುಗಳೊಂದಿಗೆ ಓಣಿಗೆ ಬರುತ್ತಾರೆ. ಮಂಜುಗಡ್ಡೆ ಒಯ್ಯಲು ಬಂದವರೂ ನಿಂತಿದ್ದಾರೆ. ನಾದಿನಿ ಬಟ್ಟೆ ಹಿಂಡುತ್ತಾ ಈ ತುದಿಯಲ್ಲೇ ಇದ್ದಾರೆ. ಮೀಸೆ ಮಾವ ದಾರವನ್ನು ಬೆರಳಲ್ಲಿ ಆಡಿಸಿ ತಲೆದೂಗುತ್ತಾರೆ. "ಏನೇ ಹೇಳಿ ಅತ್ತಿಗೆ, ನಿಮ್ಮ ಕೈಗುಣಾನೇ ಬೇರೆ."

ಅತ್ತಿಗೆ ಕೈ ಒರೆಸಿಕೊಳ್ಳುತ್ತಾರೆ. ಯಂತ್ರದ ಸದ್ದನ್ನು ಮೀರಿಸುವಂತೆ ದನಿ ಏರಿಸುತ್ತಾರೆ.

"ನನ್ನ ಒಬ್ಬಳದಲ್ಲ ಮಾವ. ಗಾಯ ಹುಡುಕೋ ಬೆರಳು ಅವಳದು. ಇನ್ನೊಂದು ಕೇಳಿ, ಎಲ್ಲಾರೂ ಕೇಳಿ. ಅವತ್ತು ಕುದಿನೀರು ಹಾಕಿದ್ದು ಅವಳೇ. ಆದ್ರೆ ತಣ್ಣೀರು ತರೋಕೆ ಹೊರಟವಳನ್ನ ತಡೆದು, 'ಹೊತ್ತಾಯ್ತು, ಹಾಗೇ ಸುರಿ' ಅಂದಿದ್ದು ನಾನು. ನಾಲ್ಕು ವರ್ಷ ಅದನ್ನ ನುಂಗಿಕೊಂಡಿದ್ದೆ."

ಮೀಸೆ ಮಾವ ಮೀಸೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ನಾದಿನಿ ಮುಖವೆತ್ತದೆ ಎಂಟನೆಯ ದಾರದ ತುದಿ ಹಿಡಿದು ನಡೆದುಬಿಡುತ್ತಾರೆ. ಅತ್ತಿಗೆ ಈ ತುದಿ ಹಿಡಿಯುತ್ತಾರೆ. ಹೇಳಬೇಕಾದ ಮಾತನ್ನು ಇಷ್ಟು ತಡವಾಗಿ ಹೇಳಿದವರಿಗೆ ಸಿಗುವುದು ಇಷ್ಟೇ ಇರಬಹುದು.

ದಾರ ಬಿಗಿಯುತ್ತದೆ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಆ ತುದಿಯಿಂದ ಒಂದು ಜಗ್ಗು. ಸರಿ ಇದೆ. ಇನ್ನೊಂದು ಜಗ್ಗು. ಎಲ್ಲಿ ಗಾಯ, ಎಂದು ಅತ್ತಿಗೆ ದಾರದುದ್ದಕ್ಕೂ ಕಣ್ಣಾಡಿಸುತ್ತಾರೆ.

ಆಗ ಮೂರನೆಯದು ಬರುತ್ತದೆ.

ಚಹಾ ಹಿಡಿದು ಬಂದ ಅಂಚೆಯವರು ಇಬ್ಬರಿಗೂ ಬಗ್ಗಿಸುತ್ತಾರೆ. ಈ ತುದಿಗೆ ವಾಪಸ್ ಬಂದ ನಾದಿನಿ ಲೋಟ ಹಿಡಿದು ಗೋಡೆಗೊರಗಿ ಕೂರುತ್ತಾರೆ. ಭುಜ ಒತ್ತಿಕೊಳ್ಳುತ್ತಾ, ನಾಲ್ಕು ವರ್ಷದಲ್ಲಿ ಮೊದಲ ಮಾತಾಡುತ್ತಾರೆ.

"ನಾಳೆ ಆ ತುದಿಗೊಂದು ಕುರ್ಚಿ ಹಾಕ್ಸಿ ಅತ್ತಿಗೆ. ಎಳೆಯೋದು ಕೊಕ್ಕೆ ಎಳೀಲಿ. ನಾನು ಕೂತ್ಕೊಂಡು ಬೆರಳಿಟ್ಟು ನೋಡ್ತೀನಿ, ನನ್ನ ಮುಂದೆ ದಾರ ಸರಿಸ್ತಾ ಹೋಗಿ."

"ಮತ್ತೆ ಅಲ್ಲಿಗೂ ಇಲ್ಲಿಗೂ ನಡೆಯೋದು ಯಾರು?" ಕೇಳುತ್ತಾರೆ ಅತ್ತಿಗೆ.

"ನೀವು" ಎನ್ನುತ್ತಾರೆ ನಾದಿನಿ, ಚಹಾ ಊದಿಕೊಳ್ಳುತ್ತಾ. "ದಿನಾ ಮೂರೂವರೆ ಕಿಲೋಮೀಟರು. ನನ್ನ ಕಾಲು ಎಷ್ಟು ನೋಯ್ತಿತ್ತು ಅಂತ ನಿಮಗೂ ಗೊತ್ತಾಗಲಿ."